ಏರುವ ವಿಮಾನ ಎಲ್ಲಿ ನಿಲ್ಲಬೇಕು?

ಓದುಗರ ಪ್ರಶ್ನೆ: ವಿಮಾನಯಾನ

ಕಳೆದ ಸಂಚಿಕೆಯಲ್ಲಿ ಟೇಕಾಫ್ ಕುರಿತು ಬರೆಯುತ್ತಾ, ಮೇಲೇರುವ ಹಂತದಲ್ಲಿ ನೆಲದಿಂದ ವಿಮಾನಗಳ ಸಂಚಾರ ನಿಯಂತ್ರಿಸುವ ಕಂಟ್ರೋಲರ್ ತಮಗೆ ಕೊಟ್ಟ ಎತ್ತರವನ್ನು ಸಿಬ್ಬಂದಿ ಮೀರುವುದೂ ಉಂಟು ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಆ ಒಂದು ಸಾಲನ್ನೇ ಹಿಡಿದು ಪತ್ರ ಬರೆದಿದ್ದಾರೆ. ಆದ್ದರಿಂದ ಈ ಬಾರಿಯ ಅಂಕಣ ಪೂರ್ತಿಯಾಗಿ ಅದಕ್ಕೇ ಮೀಸಲು.

ಪ್ರಶ್ನೆ: ನನ್ನ ಅಕ್ಕನ ಮಗ ಒಂದು ವಿಮಾನ ಸಂಸ್ಥೆಯಲ್ಲಿ ಕೋ-ಪೈಲಟ್. ಹಬ್ಬಕ್ಕೆ ಊರಿಗೆ ಬಂದವನು ಯಾಕೋ ಮಂಕಾಗಿದ್ದ. ವಿಚಾರಿಸಿದಾಗ, ಟೇಕಾಫ್ ಆದ ಮೇಲೆ 7,000 ಅಡಿಯಲ್ಲಿ ನಿಲ್ಲಬೇಕಿದ್ದ ವಿಮಾನ 7,400 ಅಡಿಯವರೆಗೆ ಹೋಗಿ ಮತ್ತೆ ಕೆಳಗಿಳಿಯಿತೆಂದೂ, ಅದಕ್ಕೆ ತಾನೂ ಕ್ಯಾಪ್ಟನ್ನರೂ ವರದಿ ಬರೆದು ಕೊಟ್ಟಿರುವುದಾಗಿಯೂ ಹೇಳಿದ. ಆಕಾಶ ಅಷ್ಟು ವಿಶಾಲವಾಗಿರುವಾಗ 400 ಅಡಿಗೆ ಇಷ್ಟು ರಾದ್ಧಾಂತವೇಕೆ? ಇಬ್ಬರು ಪೈಲಟ್‌ಗಳೂ ಅಷ್ಟೆಲ್ಲ ಯಂತ್ರಗಳೂ ಇದ್ದು ಇಂಥ ತಪ್ಪು ಹೇಗಾಗುತ್ತದೆ?
– ನಿವೃತ್ತ ಪ್ರೌಢಶಾಲಾ ಶಿಕ್ಷಕರು, ಹಾಸನ

ಉತ್ತರ: ತಾವು ಪಾಠ ಹೇಳಿದವರು, ಆದ್ದರಿಂದ ಲೆಕ್ಕದಿಂದಲೇ ಆರಂಭಿಸುತ್ತೇನೆ. ಒಂದರ ಮೇಲೊಂದು ಹಾದುಹೋಗುವ ಎರಡು ವಿಮಾನಗಳ ನಡುವೆ ಸಾಮಾನ್ಯವಾಗಿ ಇರಬೇಕಾದ ಲಂಬ ಅಂತರ 1,000 ಅಡಿ. ತಮ್ಮ ಅಕ್ಕನ ಮಗನ ವಿಮಾನವನ್ನು 7,000 ಅಡಿಯಲ್ಲಿ ನಿಲ್ಲಿಸಿದ್ದರೆಂದರೆ, 8,000 ಅಡಿಯಲ್ಲಿ ಬೇರೊಂದು ವಿಮಾನ ಅಡ್ಡ ಹಾಯುತ್ತಿದ್ದಿರಬಹುದು, ಅಥವಾ ಹಾಯಲಿಕ್ಕೆಂದು ಆ ಎತ್ತರವನ್ನು ಖಾಲಿ ಇಟ್ಟಿದ್ದಿರಬಹುದು. 400 ಅಡಿ ಮೀರಿದಾಗ ಆ ಅಂತರದ ಐದು ಪಾಲಿನಲ್ಲಿ ಎರಡು ಪಾಲು ಕರಗಿಹೋಯಿತು. ಟೇಕಾಫ್ ಆದ ಹೊಸತರಲ್ಲಿ ಜೆಟ್ ವಿಮಾನ ನಿಮಿಷಕ್ಕೆ 3,000 ಅಡಿ ಏರುವುದು ದೊಡ್ಡ ಮಾತಲ್ಲ; ಅಂದರೆ ಸೆಕೆಂಡಿಗೆ 50 ಅಡಿ. ಆ ವೇಗದಲ್ಲಿ 400 ಅಡಿ ಕಳೆಯಲು ಎಂಟು ಸೆಕೆಂಡು ಸಾಕು, ಉಳಿದ 600 ಅಡಿಗೆ ಇನ್ನು ಹನ್ನೆರಡು ಸೆಕೆಂಡು. ಯೂರೋಪಿನ ವಾಯುಸಂಚಾರ ಸಂಸ್ಥೆಯವರು, ಕಂಟ್ರೋಲರ್ ಕೊಟ್ಟ ಎತ್ತರದಿಂದ 300 ಅಡಿಗಿಂತ ಹೆಚ್ಚು ಸರಿದುದನ್ನು ‘ಲೆವೆಲ್ ಬಸ್ಟ್’ ಎಂದು ಎಣಿಸುತ್ತಾರೆ. 29,000 ಅಡಿಯಿಂದ 41,000 ಅಡಿಯವರೆಗಿನ ಪದರದಲ್ಲಿ ಈ ಮಿತಿ 200 ಅಡಿಗೆ ಇಳಿಯುತ್ತದೆ. ಆ ಲೆಕ್ಕದಲ್ಲಿ ತಮ್ಮ ಹುಡುಗನ 400 ಅಡಿ ಸ್ಪಷ್ಟವಾಗಿ ಗೆರೆ ದಾಟಿದ್ದೇ.

ಆಕಾಶ ವಿಶಾಲ ಎಂಬ ಮಾತು ನಿಲ್ದಾಣದ ಹತ್ತಿರ ನಿಲ್ಲುವುದಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲು ಹಳಿಯನ್ನು ತಾವು ಕಂಡಿರುತ್ತೀರಿ; ಒಂಟಿ ಹಳಿಯಾದ್ದರಿಂದ ಎದುರಿನ ಗಾಡಿ ಬರುವವರೆಗೆ ಒಂದು ಗಾಡಿ ಎಡಕುಮೇರಿಯಲ್ಲೋ ದೋಣಿಗಾಲಿನಲ್ಲೋ ಕಾಯಬೇಕು. ಬರುವ ವಿಮಾನಗಳು ಒಂದು ಬಾಗಿಲಿಗೆ ಇಳಿದು ಬರುತ್ತಿರುತ್ತವೆ, ಹೋಗುವವು ಅದೇ ಬಾಗಿಲಿನಿಂದ ಏರುತ್ತಿರುತ್ತವೆ, ಇಬ್ಬರ ದಾರಿಗಳೂ ಎಲ್ಲೋ ಒಂದು ಕಡೆ ಅಡ್ಡ ಬರುತ್ತವೆ. ವ್ಯತ್ಯಾಸ ಇಷ್ಟೇ: ರೈಲು ಕಾಯಬಲ್ಲದು, ವಿಮಾನ ಕಾಯಲಾರದು. ಆದ್ದರಿಂದ ವಿಮಾನಕ್ಕೆ ‘ನಿಲ್ಲು’ ಎಂದರೆ ಓಟ ನಿಲ್ಲಿಸು ಎಂದಲ್ಲ, ಏರುವುದನ್ನು ನಿಲ್ಲಿಸು ಎಂದರ್ಥ. ಅಮೆರಿಕದ ನ್ಯೂಜೆರ್ಸಿಯ ಟೆಟರ್‌ಬರೊ ನಿಲ್ದಾಣದಿಂದ ಹೊರಡುವ ಸಣ್ಣ ಜೆಟ್‌ಗಳು ಒಂದು ನಿಗದಿತ ನಿರ್ಗಮನ ದಾರಿಯಲ್ಲಿ 1,500 ಅಡಿಗೇ ಏರಿಕೆ ನಿಲ್ಲಿಸಿ, ಒಂದು ಬಿಂದು ದಾಟಿದ ಮೇಲಷ್ಟೇ 2,000 ಅಡಿಗೆ ಹೋಗಬೇಕಿತ್ತು. ಕಾರಣ, ನೆತ್ತಿಯ ಮೇಲೆಯೇ ನ್ಯೂವಾರ್ಕಿಗೆ ಇಳಿಯುವ ದೊಡ್ಡ ವಿಮಾನಗಳ ಸಾಲು. ಎತ್ತರ ಮೀರುವ ಪ್ರಕರಣಗಳಿಗೆ ಆ ದಾರಿ ಪೈಲಟ್‌ಗಳ ನಡುವೆ ಕುಖ್ಯಾತವಾಗಿತ್ತು. ಹಗುರವಾದ ವಿಮಾನ, ಬಲವಾದ ಎಂಜಿನ್, ನೆಲ ಬಿಟ್ಟು ಅರ್ಧ ನಿಮಿಷದೊಳಗೆ ನಿಲ್ಲಿಸು ಎಂಬ ಕಟ್ಟಳೆ: ಈ ಮೂರು ಸೇರಿದರೆ ತಪ್ಪದಿರುವುದೇ ಕಷ್ಟ.

ಇನ್ನು ತಪ್ಪು ಹೇಗಾಗುತ್ತದೆ ಎಂಬುದು. ಮೊದಲನೆಯದು ಕಿವಿ. ಹಾಸನದ ಆಲೂಗಡ್ಡೆ ಮಂಡಿಯಲ್ಲಿ ಗದ್ದಲದ ನಡುವೆ ಫೋನಿನಲ್ಲಿ ‘ಇಪ್ಪತ್ತು ಚೀಲ’ ಎಂದದ್ದು ‘ಎಪ್ಪತ್ತು ಚೀಲ’ ಎಂದು ಕೇಳಿ ಲಾರಿ ಕಳಿಸಿದವರು ಒಬ್ಬಿಬ್ಬರಲ್ಲ. ರೇಡಿಯೊದಲ್ಲೂ ಅದೇ ಕಥೆ; ಅಲ್ಲಿ ‘ಒನ್ ಝೀರೋ ಥೌಸಂಡ್’ (10,000) ಮತ್ತು ‘ಒನ್ ಒನ್ ಥೌಸಂಡ್’ (11,000) ಎಂಬ ಜೋಡಿ ಹಳೆಯ ಖಳನಾಯಕರು. 1989ರ ಫೆಬ್ರವರಿ 19ರಂದು ಕ್ವಾಲಾಲಂಪುರದ ಬಳಿ ಇಳಿಯುತ್ತಿದ್ದ ಸರಕು ಸಾಗಣೆಯ ಬೋಯಿಂಗ್ 747 ಒಂದಕ್ಕೆ ‘ಟೂ ಫೋರ್ ಝೀರೋ ಝೀರೋ’, ಅಂದರೆ 2,400 ಅಡಿಗೆ ಇಳಿಯಲು ಹೇಳಿದ್ದರು. ಸಿಬ್ಬಂದಿ ಅಲ್ಲಿನ ‘ಟೂ’ವನ್ನು ಅಂಕಿಯೆಂದು ತಿಳಿಯದೆ, ‘ವರೆಗೆ’ ಎಂಬ ಅರ್ಥದ ಇಂಗ್ಲಿಷ್ ಪದವೆಂದು ತಿಳಿದು 400 ಅಡಿಗೆ ಇಳಿಯತೊಡಗಿದರು. ವಿಮಾನ ಗುಡ್ಡಕ್ಕೆ ಬಡಿದು ಅದರಲ್ಲಿದ್ದ ನಾಲ್ವರೂ ಸತ್ತರು. ಅದು ಇಳಿಯುವಾಗಿನ ಕಥೆ ನಿಜ, ಆದರೆ ಏರುವಾಗಲೂ ಕಿವಿ ಅದೇ, ಅಂಕಿಗಳೂ ಅವೇ.

ಇದಕ್ಕೆ ಮದ್ದೆಂದು ಇರುವುದು ‘ರೀಡ್‌ಬ್ಯಾಕ್’. ಕಂಟ್ರೋಲರ್ ಹೇಳಿದ ಎತ್ತರವನ್ನು ಪೈಲಟ್ ತಿರುಗಿ ಹೇಳಬೇಕು, ಕಂಟ್ರೋಲರ್ ಅದನ್ನು ಕೇಳಿ ತಾಳೆ ನೋಡಬೇಕು. ಈ ಎರಡನೆಯ ಅರ್ಧವನ್ನು ಜನ ಮರೆಯುತ್ತಾರೆ. ನಾನು ಕಂಟ್ರೋಲರ್ ಆಗಿದ್ದ ದಿನಗಳಲ್ಲಿ ಒಂದು ಸಂಜೆ, ಏರುತ್ತಿದ್ದ ವಿಮಾನವೊಂದಕ್ಕೆ 10,000 ಅಡಿ ಎಂದು ಹೇಳಿದೆ. ಪೈಲಟ್ ಸ್ಪಷ್ಟವಾಗಿ, ಅವಸರವಿಲ್ಲದೆ, 11,000 ಎಂದು ಮರುನುಡಿದರು. ನಾನು ಕೇಳಿಸಿಕೊಂಡೆ, ಒಪ್ಪಿಕೊಂಡೆ, ಮುಂದಿನ ವಿಮಾನಕ್ಕೆ ಮಾತನಾಡತೊಡಗಿದೆ. ಪಕ್ಕದ ಕುರ್ಚಿಯಲ್ಲಿದ್ದ ಸಹೋದ್ಯೋಗಿ ಮೊಣಕೈಯಿಂದ ತಿವಿದು ಪರದೆ ತೋರಿಸಿದಾಗ ವಿಮಾನ 10,300 ಅಡಿ ದಾಟಿತ್ತು. ಮರುದಿನ ಧ್ವನಿಮುದ್ರಿಕೆ ಹಾಕಿ ಕೇಳಿದರೆ 11,000 ಎಂಬುದು ಮಗುವಿಗೂ ಕೇಳುವಷ್ಟು ಸ್ವಚ್ಛವಾಗಿದೆ! ನನ್ನ ಕಿವಿ ಕೆಟ್ಟಿರಲಿಲ್ಲ. ಏನು ಕೇಳಬೇಕೆಂದು ಮನಸ್ಸು ಮೊದಲೇ ನಿಶ್ಚಯಿಸಿಕೊಂಡಿತ್ತು, ಅಷ್ಟೆ. ಆ ದಿನದ ತಪ್ಪು ಕಾಗದದ ಮೇಲೆ ಸಿಬ್ಬಂದಿಯ ಲೆಕ್ಕಕ್ಕೆ ಬೀಳುವಂತಿತ್ತು. ಅರ್ಧ ನನ್ನದೆಂದು ನಾನೇ ಬರೆದು ಕೊಡಬೇಕಾಯಿತು.

ಕಿವಿ ದಾಟಿದ ಮೇಲೆ ಕೈ. ಕೇಳಿದ ಎತ್ತರವನ್ನು ಪೈಲಟ್ ಮುಂದಿನ ಫಲಕದಲ್ಲಿರುವ ಗುಂಡಿ ತಿರುಗಿಸಿ, ಅಂಕಿ ತೋರುವ ಪುಟ್ಟ ಕಿಟಕಿಯಲ್ಲಿ ಕೂರಿಸುತ್ತಾರೆ. ಒಬ್ಬರು ಕೂರಿಸಿ ಬೆರಳು ತೋರಿಸಬೇಕು, ಇನ್ನೊಬ್ಬರು ನೋಡಿ ಬಾಯಲ್ಲಿ ಹೇಳಬೇಕು ಎಂಬ ಪದ್ಧತಿ ಬಹಳಷ್ಟು ಸಂಸ್ಥೆಗಳಲ್ಲಿದೆ. ಆದರೆ ಆ ಒಂದೆರಡು ನಿಮಿಷಗಳಲ್ಲಿ ಚಕ್ರ ಮಡಚಬೇಕು, ಎಂಜಿನ್ನಿನ ಬಲ ಇಳಿಸಬೇಕು, ರೆಕ್ಕೆಯ ಹಿಂಬದಿಯಲ್ಲಿ ಹೊರಚಾಚಿರುವ ಪಟ್ಟಿಗಳಾದ ಫ್ಲ್ಯಾಪ್‌ಗಳನ್ನು ಹಂತಹಂತವಾಗಿ ಒಳಗೆಳೆಯಬೇಕು, ನಿಲ್ದಾಣದ ಟವರ್ ಬಿಟ್ಟು ಇನ್ನೊಂದು ತರಂಗಾಂತರಕ್ಕೆ ಹೋಗಬೇಕು, ಮುಂದೆ ಮೋಡವಿದ್ದರೆ ರಾಡಾರ್ ನೋಡಬೇಕು. 10,000 ಅಡಿಗಿಂತ ಕೆಳಗೆ ಹಾರಾಟಕ್ಕೆ ಸಂಬಂಧವಿಲ್ಲದ ಮಾತೇ ಕೂಡದೆಂದು ಅಮೆರಿಕದಲ್ಲಿ 1981ರಲ್ಲಿ ನಿಯಮವಾದದ್ದು ಇದಕ್ಕೇ. ಸಂಬಂಧವಿರುವ ಮಾತೂ ಕೆಡುವುದುಂಟು ಎಂಬುದಕ್ಕೆ 2022ರ ಡಿಸೆಂಬರ್ 18ರ ಪ್ರಸಂಗವನ್ನು ನೋಡಿ. ಹವಾಯಿಯ ಕಹುಲುಯಿಯಿಂದ ಹೊರಟ ಬೋಯಿಂಗ್ 777 ಸುಮಾರು 2,000 ಅಡಿ ಏರಿ, ಅಲ್ಲಿಂದ ಮುಗ್ಗರಿಸಿ ಸಮುದ್ರದಿಂದ ಸುಮಾರು 750 ಅಡಿಗೆ ಇಳಿದು ಮತ್ತೆ ಮೇಲೆದ್ದಿತು. ತನಿಖೆಯಲ್ಲಿ ಹೊರಬಿದ್ದದ್ದು: ಫ್ಲ್ಯಾಪ್ ಎಷ್ಟು ಚಾಚಿರಬೇಕೆಂಬುದಕ್ಕೆ ಕ್ಯಾಪ್ಟನ್ ‘ಫೈವ್’ ಎಂದಿದ್ದರು, ಕೋ-ಪೈಲಟ್‌ಗೆ ‘ಫಿಫ್ಟೀನ್’ ಎಂದು ಕೇಳಿಸಿತ್ತು. ಮೊಳಕಾಲಿಗೆ ಮೊಳಕಾಲು ತಾಗುವಷ್ಟು ಹತ್ತಿರ ಕುಳಿತವರ ನಡುವೆ, ರೇಡಿಯೊದ ಗೊರಗೊರವಿಲ್ಲದೆಯೇ!

ಆಟೋಪೈಲಟ್ ಇರುವಾಗ ಇದೆಲ್ಲ ಏಕೆ ಎಂದು ತಾವು ಕೇಳುತ್ತೀರಿ. ಆಟೋಪೈಲಟ್ ಕೈ ತಪ್ಪುವುದನ್ನು ಕಡಿಮೆ ಮಾಡಿತು, ಆದರೆ ಅದರ ಜಾಗದಲ್ಲಿ ಹೊಸದೊಂದು ತಪ್ಪನ್ನು ತಂದಿಟ್ಟಿತು. ಯಂತ್ರ ಎತ್ತರವನ್ನು ‘ಹಿಡಿಯುವ’ ಕ್ಷಣದಲ್ಲಿ ಪೈಲಟ್ ಬೇರೊಂದು ಗುಂಡಿ ಮುಟ್ಟಿದರೆ ಕೆಲವು ವಿಮಾನಗಳಲ್ಲಿ ಹಿಡಿತವೇ ರದ್ದಾಗಿ, ವಿಮಾನ ಸದ್ದಿಲ್ಲದೆ ಏರುತ್ತಲೇ ಹೋಗುತ್ತಿತ್ತು. 1990ರ ದಶಕದಲ್ಲಿ ನಾಸಾದವರು ಸಿಮ್ಯುಲೇಟರ್‌ನಲ್ಲಿ ಅನುಭವಿ ಸಿಬ್ಬಂದಿಯನ್ನು ಕೂರಿಸಿದಾಗ ಇಂಥದೇ ಒಂದು ಪ್ರಸಂಗ ಕಣ್ಣೆದುರೇ ನಡೆಯಿತು. ಕಿಟಕಿಯಲ್ಲಿ ಎತ್ತರ ಸರಿಯಾಗಿಯೇ ಇತ್ತು, ಅದನ್ನು ಹಿಡಿಯುವ ವ್ಯವಸ್ಥೆ ಮಾತ್ರ ಎಚ್ಚರವಾಗಿರಲಿಲ್ಲ. ಆದ್ದರಿಂದ ಬರೀ ಅಂಕಿ ನೋಡಿದರೆ ಸಾಲದು, ಯಂತ್ರ ಈಗ ಯಾವ ಸ್ಥಿತಿಯಲ್ಲಿದೆ ಎಂದು ಪರದೆಯ ಮೇಲಿನ ಸಾಲಿನಲ್ಲಿ ಓದಬೇಕು. ಓದುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಿಗಷ್ಟೇ ಕಷ್ಟವೆಂದು ತಿಳಿಯಬೇಡಿ.

ನಿಲ್ಲಬೇಕಾದ ಎತ್ತರಕ್ಕೆ 1,000 ಅಡಿ ಉಳಿದಿದೆ ಎಂದು ಗಟ್ಟಿಯಾಗಿ ಹೇಳುವ ರೂಢಿಯೂ, ಆ ಕೊನೆಯ 1,000 ಅಡಿಯಲ್ಲಿ ಏರುವ ವೇಗವನ್ನು ನಿಮಿಷಕ್ಕೆ 1,500 ಅಡಿಗಿಂತ ಕೆಳಗೆ ಇಳಿಸಬೇಕೆಂಬ ಅಂತರರಾಷ್ಟ್ರೀಯ ಶಿಫಾರಸೂ ಇವೆ. ನನ್ನ ದೃಷ್ಟಿಯಲ್ಲಿ ಎಲ್ಲ ಉಪಾಯಗಳಲ್ಲಿ ಈ ಎರಡನೆಯದೇ ಹೆಚ್ಚು ಉಪಕಾರಿ. ಉಳಿದವೆಲ್ಲ ತಪ್ಪೇ ಆಗದಂತೆ ನೋಡುತ್ತವೆ. ಇದು ತಪ್ಪಾದರೂ ತಿದ್ದಿಕೊಳ್ಳಲು ಕಾಲ ಕೊಡುತ್ತದೆ.

ಪ್ರಶ್ನೆ: ನನ್ನ ಕೈಗಡಿಯಾರದಲ್ಲಿ ಗಾಳಿಯ ಒತ್ತಡದಿಂದ ಎತ್ತರ ತೋರಿಸುವ ವ್ಯವಸ್ಥೆ ಇದೆ. ಬೇಸಿಗೆಯಲ್ಲಿ ಮುಳ್ಳಯ್ಯನಗಿರಿಯ ತುದಿಯಲ್ಲಿ ಸರಿಯಾಗಿ ಕೂರಿಸಿ ಬಂದರೂ, ಆಷಾಢದ ಮಳೆ ಹಿಡಿದಾಗ ಅದು ನಮ್ಮ ಕಣವನ್ನೇ ಇನ್ನೂರು ಅಡಿ ಎತ್ತಿ ತೋರಿಸುತ್ತದೆ. ವಿಮಾನದಲ್ಲೂ ಹೀಗೇ ಆಗುತ್ತದೆಯೇ? ಆದರೆ ಎತ್ತರ ತಪ್ಪಲು ಅದೂ ಕಾರಣವಲ್ಲವೇ?
– ಕಾಫಿ ಬೆಳೆಗಾರರು, ಚಿಕ್ಕಮಗಳೂರು

ಉತ್ತರ: ಖಂಡಿತವಾಗಿ. ತಮ್ಮ ಗಡಿಯಾರದ ಒಳಗಿರುವ ತತ್ವವೇ ವಿಮಾನದ ಆಲ್ಟಿಮೀಟರ್‌ನಲ್ಲೂ ಇದೆ. ಅದು ಎತ್ತರವನ್ನು ಅಳೆಯುವುದೇ ಇಲ್ಲ, ಗಾಳಿಯ ಒತ್ತಡವನ್ನು ಅಳೆದು ಅಡಿಗಳ ಭಾಷೆಯಲ್ಲಿ ಹೇಳುತ್ತದೆ. ಒತ್ತಡ ಒಂದು ಹೆಕ್ಟೋಪಾಸ್ಕಲ್ ಕುಸಿದರೆ ಸುಮಾರು 30 ಅಡಿ ಏರಿದಂತೆ ಅದಕ್ಕೆ ತೋರುತ್ತದೆ. ಮುಂಗಾರಿನಲ್ಲಿ ವಾಯುಭಾರ ಕುಸಿದಾಗ ತಮ್ಮ ಕಣ ಮೇಲೆದ್ದಂತೆ ಕಂಡದ್ದು ಅದರಿಂದಲೇ. ಅದಕ್ಕಾಗಿ ಆಲ್ಟಿಮೀಟರ್‌ಗೆ ಆ ಹೊತ್ತಿನ ಸ್ಥಳೀಯ ಒತ್ತಡವನ್ನು ಕೂರಿಸುತ್ತಾರೆ. ಹಾಗೆ ಕೂರಿಸಿದಾಗ ಅದು ಸಮುದ್ರಮಟ್ಟದಿಂದ ಇರುವ ಎತ್ತರವನ್ನು ಸರಿಸುಮಾರಾಗಿ ತೋರಿಸುತ್ತದೆ. ಬೆಂಗಳೂರಿನ ಈಗಿನ ನಿಲ್ದಾಣದ ನೆಲದ ಮೇಲೆ ನಿಂತಿರುವ ವಿಮಾನದಲ್ಲಿ ಅದು ಸುಮಾರು 3,000 ಅಡಿ ಎಂದು ತೋರಬೇಕು.

ತೊಡಕು ಬರುವುದು ಮೇಲೆ ಹೋದಂತೆ. ದೂರದೂರದಿಂದ ಬಂದ ವಿಮಾನಗಳು ತಮ್ಮ ತಮ್ಮ ಊರಿನ ಒತ್ತಡವನ್ನೇ ಇಟ್ಟುಕೊಂಡು ಹಾರಿದರೆ ಒಂದೊಂದರ 15,000 ಅಡಿಯೂ ಬೇರೆ ಬೇರೆ ಜಾಗದಲ್ಲಿರುತ್ತದೆ. ಆದ್ದರಿಂದ ಒಂದು ಗೊತ್ತಾದ ಎತ್ತರ ದಾಟಿದ ಮೇಲೆ ಎಲ್ಲರೂ 1013.25 ಹೆಕ್ಟೋಪಾಸ್ಕಲ್ ಎಂಬ ಒಂದೇ ಅಂಕಿಗೆ ಬದಲಾಯಿಸಿಕೊಳ್ಳುತ್ತಾರೆ. ಅಲ್ಲಿಂದಾಚೆಗೆ ಎತ್ತರವನ್ನು ಅಡಿಯಲ್ಲಿ ಹೇಳದೆ ‘ಫ್ಲೈಟ್ ಲೆವೆಲ್’ ಎಂದು ಹೇಳುತ್ತಾರೆ. ಬದಲಾಯಿಸುವ ಎತ್ತರ ಎಲ್ಲೆಡೆ ಒಂದೇ ಅಲ್ಲ. ಅಮೆರಿಕದಲ್ಲಿ ಅದು ದೇಶಕ್ಕೆಲ್ಲ 18,000 ಅಡಿ. ಬೇರೆ ಕಡೆಗಳಲ್ಲಿ ನಿಲ್ದಾಣದಿಂದ ನಿಲ್ದಾಣಕ್ಕೆ ವ್ಯತ್ಯಾಸ. ಬದಲಾಯಿಸಬೇಕಾದದ್ದು ಏರುವ ಗಡಿಬಿಡಿಯ ನಡುವೆಯೇ, ಆದ್ದರಿಂದ ಮರೆಯುವುದೂ ಅಲ್ಲಿಯೇ.

ಒಂದು ಉದಾಹರಣೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿ ಸ್ಥಳೀಯ ಒತ್ತಡ 1003 ಇದೆ ಎನ್ನಿ. ಫ್ಲೈಟ್ ಲೆವೆಲ್ 150ಕ್ಕೆ, ಅಂದರೆ 15,000 ಅಡಿಯ ಮಟ್ಟಕ್ಕೆ, ಏರುತ್ತಿರುವ ಸಿಬ್ಬಂದಿ 1013ಕ್ಕೆ ಬದಲಾಯಿಸಲು ಮರೆತರು. ಅವರ ಮುಂದಿನ ಅಂಕಿ 15,000 ಎಂದು ತೋರುವಾಗ ಅವರು ನಿಜವಾಗಿ ಇರಬೇಕಾದ ಮಟ್ಟಕ್ಕಿಂತ ಸುಮಾರು 300 ಅಡಿ ಮೇಲಿರುತ್ತಾರೆ. ಚಂಡಮಾರುತದ ದಿನ ಒತ್ತಡ 993ಕ್ಕೆ ಇಳಿದಿದ್ದರೆ ಸುಮಾರು 600 ಅಡಿ. ಇಲ್ಲಿನ ಕುತ್ಸಿತವೇನೆಂದರೆ, ಪೈಲಟ್ ಕಣ್ಣಿಗೆ ಎಲ್ಲವೂ ಸರಿಯಾಗಿದೆ. ಕೊಟ್ಟ ಎತ್ತರ, ಕೂರಿಸಿದ ಎತ್ತರ, ತೋರುವ ಎತ್ತರ ಮೂರೂ ತಾಳೆಯಾಗುತ್ತವೆ. ತಪ್ಪು ಕಾಣುವುದು ನೆಲದ ಮೇಲಿರುವ ಕಂಟ್ರೋಲರ್‌ಗೆ ಮಾತ್ರ, ಏಕೆಂದರೆ ನೆಲದ ರಾಡಾರ್ ಪ್ರಶ್ನೆಗೆ ಉತ್ತರ ಕಳಿಸುವ ವಿಮಾನದ ಟ್ರಾನ್ಸ್‌ಪಾಂಡರ್ ಪೈಲಟ್ ಏನು ಕೂರಿಸಿದ್ದಾರೆಂದು ನೋಡದೆ ಯಾವಾಗಲೂ 1013ರ ಲೆಕ್ಕದಲ್ಲೇ ಎತ್ತರ ಕಳಿಸುತ್ತದೆ.

ನಿಮ್ಮ ಕಡೆ ಮಳೆಯನ್ನು ಇಂಚು, ಸೆಂಟ್ಸ್‌ಗಳಲ್ಲಿ ಹೇಳುವಾಗ ಸರ್ಕಾರದವರು ಮಿಲಿಮೀಟರ್‌ನಲ್ಲಿ ಹೇಳುತ್ತಾರಲ್ಲ, ಹೂಮಳೆ ಐವತ್ತು ಎಂದರೆ ಯಾವ ಐವತ್ತು ಎಂದು ಹೊಸಬರು ತಬ್ಬಿಬ್ಬಾಗುವಂತೆ, ಅಳತೆಗಳ ಈ ಗೊಂದಲ ಆಕಾಶಕ್ಕೂ ಹೊಸದಲ್ಲ. ಹಳೆಯ ಸೋವಿಯತ್ ಒಕ್ಕೂಟದ ದೇಶಗಳ ಸಿಬ್ಬಂದಿ ಮೀಟರ್‌ನಲ್ಲಿ ಹಾರಿ ಅಭ್ಯಾಸವಾಗಿ, ಹೊರಗೆ ಬಂದಾಗ ಅಡಿಗಳಿಗೆ ಒಗ್ಗಿಕೊಳ್ಳಬೇಕಿತ್ತು. ಅಂಥ ಒಂದು ದೇಶದ ವಿಮಾನದ ಕಥೆ ಮುಂದಿನ ಉತ್ತರದಲ್ಲಿ ಬರುತ್ತದೆ.

ಪ್ರಶ್ನೆ: ಪೈಲಟ್ಟೂ ಗಮನಿಸಲಿಲ್ಲ, ಕಂಟ್ರೋಲರ್ ಕೂಡ ಗಮನಿಸಲಿಲ್ಲ ಎಂದಾದರೆ ಮುಂದೇನು? ನಮ್ಮ ದೇಶದಲ್ಲಿ ಇದರಿಂದ ಅಪಘಾತವಾದದ್ದಿದೆಯೇ?
– ಬ್ಯಾಂಕ್ ಉದ್ಯೋಗಿ, ಬೇಲೂರು

ಉತ್ತರ: ಇದೆ, ಮತ್ತು ಅದು ಜಗತ್ತಿನಲ್ಲಿ ಈವರೆಗೆ ಆಕಾಶದಲ್ಲಿ ವಿಮಾನಗಳು ಡಿಕ್ಕಿಯಾದ ದುರಂತಗಳಲ್ಲೆಲ್ಲ ಅತಿ ಹೆಚ್ಚು ಜೀವ ತೆಗೆದದ್ದು. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಹೊರಟ ಸೌದಿ ಅರೇಬಿಯಾದ ಬೋಯಿಂಗ್ 747 ಏರುತ್ತಿತ್ತು. ಕಜಾಕಿಸ್ತಾನದ ಇಲ್ಯೂಶಿನ್ 76 ದೆಹಲಿಗೆ ಇಳಿಯುತ್ತಿತ್ತು. ಏರುವ ವಿಮಾನಕ್ಕೆ 14,000 ಅಡಿಯಲ್ಲಿ, ಇಳಿಯುವ ವಿಮಾನಕ್ಕೆ 15,000 ಅಡಿಯಲ್ಲಿ ನಿಲ್ಲಲು ಹೇಳಲಾಗಿತ್ತು. ಸೌದಿ ಸಿಬ್ಬಂದಿ ಹೇಳಿದಲ್ಲಿಯೇ ನಿಂತು ಮುಂದಿನ ಅಪ್ಪಣೆಗೆ ಕಾದರು. ಇಲ್ಯೂಶಿನ್ 15,000ದಲ್ಲಿ ನಿಲ್ಲಲಿಲ್ಲ. ಹರಿಯಾಣದ ಚರ್ಖಿ ದಾದ್ರಿಯ ಹೊಲಗಳ ಮೇಲೆ ಎರಡೂ ಸೇರಿ 349 ಜನ ಸತ್ತರು; ಒಬ್ಬರೂ ಉಳಿಯಲಿಲ್ಲ. ಆಗ ಪ್ರಧಾನಿಯಾಗಿದ್ದವರು ನಮ್ಮ ಹೊಳೆನರಸೀಪುರ ತಾಲ್ಲೂಕಿನ ಎಚ್.ಡಿ. ದೇವೇಗೌಡರೇ, ಹೀಗಾಗಿ ಆ ದಿನಗಳ ಪತ್ರಿಕೆಗಳನ್ನು ನಮ್ಮ ಜಿಲ್ಲೆಯಲ್ಲಿ ಹಿರಿಯರು ಇನ್ನೂ ನೆನೆಸಿಕೊಳ್ಳುತ್ತಾರೆ.

ನ್ಯಾಯಮೂರ್ತಿ ಆರ್.ಸಿ. ಲಹೋಟಿ ಅವರ ವಿಚಾರಣಾ ಆಯೋಗ, ಇಲ್ಯೂಶಿನ್ ಕೊಟ್ಟ ಮಟ್ಟಕ್ಕಿಂತ ಕೆಳಗಿಳಿದದ್ದೇ ಕಾರಣವೆಂದು ಹೇಳಿತು. ಅದರ ಹಿಂದಿನ ವಿವರ ನನ್ನನ್ನು ಇಂದಿಗೂ ಕಾಡುತ್ತದೆ. ಆ ವಿಮಾನದಲ್ಲಿ ಕಂಟ್ರೋಲರ್ ಜೊತೆ ಮಾತನಾಡುತ್ತಿದ್ದವರು ಪೈಲಟ್ ಅಲ್ಲ, ಹಿಂದೆ ಕುಳಿತ ರೇಡಿಯೊ ಆಪರೇಟರ್. ಅವರ ಮುಂದೆ ಆಲ್ಟಿಮೀಟರೇ ಇರಲಿಲ್ಲ; ಎತ್ತರ ಬೇಕಾದರೆ ಪೈಲಟ್‌ಗಳ ಹೆಗಲ ಮೇಲಿಂದ ಇಣುಕಿ ನೋಡಬೇಕು. ಅಂಕಿ ಕೇಳಿದವರ ಎದುರಿಗೆ ಅಳತೆಯಿಲ್ಲ, ಅಳತೆ ಇದ್ದವರ ಕಿವಿಗೆ ಇಂಗ್ಲಿಷ್ ಸಲೀಸಲ್ಲ. ಸಿಬ್ಬಂದಿಯ ಇಂಗ್ಲಿಷ್ ಕೊರತೆಯತ್ತ ಆಯೋಗವೂ ಬೊಟ್ಟು ಮಾಡಿತು. ನೆಲದ ಕಡೆಯೂ ಕೊರತೆಯಿತ್ತು: ದೆಹಲಿಯ ಅಂದಿನ ರಾಡಾರ್ ವಿಮಾನ ಎಲ್ಲಿದೆ ಎಂದು ತೋರಿಸುತ್ತಿತ್ತೇ ಹೊರತು ಎಷ್ಟು ಎತ್ತರದಲ್ಲಿದೆ ಎಂದಲ್ಲ, ಬರುವ ವಿಮಾನ, ಹೋಗುವ ವಿಮಾನ ಎರಡಕ್ಕೂ ಒಂದೇ ಓಣಿ. ದುರಂತದ ಮೇಲೆ ಓಣಿಗಳು ಬೇರೆಯಾದವು, ಎತ್ತರ ತೋರುವ ರಾಡಾರ್ ಬಂತು, ಮತ್ತು ಡಿಕ್ಕಿ ತಪ್ಪಿಸುವ ಯಂತ್ರವನ್ನು ನಮ್ಮ ದೇಶ ಕಡ್ಡಾಯ ಮಾಡಿತು.

ತಾವು ಕೇಳಿದ ‘ಮುಂದೇನು’ ಎಂಬುದಕ್ಕೆ ಆ ಯಂತ್ರವೇ ಉತ್ತರ. ಪೈಲಟ್‌ಗಳು ಅದನ್ನು ‘ಟಿಕಾಸ್’ ಎನ್ನುತ್ತಾರೆ. ಎರಡು ವಿಮಾನಗಳ ಟ್ರಾನ್ಸ್‌ಪಾಂಡರ್‌ಗಳು ನೆಲದ ಹಂಗಿಲ್ಲದೆ ತಮ್ಮತಮ್ಮಲ್ಲೇ ಪ್ರಶ್ನೋತ್ತರ ನಡೆಸಿ, ಅಪಾಯ ಕಂಡರೆ ಮೊದಲು ‘ಟ್ರಾಫಿಕ್’ ಎಂದು ಎಚ್ಚರಿಸಿ, ಆಮೇಲೂ ಹತ್ತಿರವಾದರೆ ಒಂದಕ್ಕೆ ಏರೆಂದೂ ಇನ್ನೊಂದಕ್ಕೆ ಇಳಿಯೆಂದೂ ಹೇಳುತ್ತವೆ. ಈ ಕೊನೆಯ ಆಜ್ಞೆ ಬರುವಾಗ ಉಳಿದಿರುವ ಕಾಲ ಎತ್ತರಕ್ಕೆ ತಕ್ಕಂತೆ 15ರಿಂದ 35 ಸೆಕೆಂಡು. ಆ ಗಳಿಗೆಯಲ್ಲಿ ಕಂಟ್ರೋಲರ್ ಬೇರೆ ಹೇಳಿದರೆ? 2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್‌ಲಿಂಗೆನ್ ಮೇಲೆ ಅದೇ ಆಯಿತು: ಒಂದು ವಿಮಾನಕ್ಕೆ ಯಂತ್ರ ಏರೆಂದಿತು, ಕಂಟ್ರೋಲರ್ ಇಳಿಯೆಂದರು, ಅದರ ಸಿಬ್ಬಂದಿ ಕಂಟ್ರೋಲರ್ ಮಾತು ಕೇಳಿದರು, ಇನ್ನೊಂದು ವಿಮಾನದವರು ಯಂತ್ರ ಹೇಳಿದಂತೆ ಇಳಿದರು. 71 ಜನ ಸತ್ತರು. ಅಲ್ಲಿಂದೀಚೆಗೆ ನಿಯಮದಲ್ಲಿ ಅನುಮಾನಕ್ಕೆ ಎಡೆಯಿಲ್ಲ, ಯಂತ್ರ ಹೇಳಿದರೆ ಯಂತ್ರದ ಮಾತೇ ಮಾತು. ಕಂಟ್ರೋಲರ್ ಆಗಿದ್ದ ನನಗೆ ಇದನ್ನು ಬರೆಯುವುದು ಸುಲಭವಲ್ಲ, ಆದರೆ ಸರಿಯಾದದ್ದು ಅದೇ.

ಹತ್ತಿರದ ಉದಾಹರಣೆಯೂ ಇದೆ. 2018ರ ಜುಲೈ 10ರಂದು ಬೆಂಗಳೂರಿನ ವಾಯುಪ್ರದೇಶದಲ್ಲಿ, ಬೆಂಗಳೂರಿನಿಂದ ಕೊಚ್ಚಿಗೆ ಏರುತ್ತಿದ್ದ ಒಂದು ವಿಮಾನವೂ ಕೊಯಮತ್ತೂರಿನಿಂದ ಹೈದರಾಬಾದಿಗೆ ಹೊರಟಿದ್ದ ಇನ್ನೊಂದೂ 27,000 ಅಡಿಯ ಆಸುಪಾಸಿನಲ್ಲಿ ಎದುರಾಗಿ ಲಂಬ ಅಂತರ 200 ಅಡಿಗೆ ಇಳಿದಿತ್ತು. ಟಿಕಾಸ್ ಕೂಗಿತು, ಎರಡೂ ಬೇರೆಯಾದವು, ಪ್ರಯಾಣಿಕರು ಊರು ತಲುಪಿದರು.

ಪ್ರಶ್ನೆ: ಬೆಂಗಳೂರಿನಿಂದ ಹೊರಟ ಸ್ವಲ್ಪ ಹೊತ್ತಿನಲ್ಲೇ ವಿಮಾನ ಇದ್ದಕ್ಕಿದ್ದಂತೆ ಕುಸಿದಂತಾಗಿ ಹೊಟ್ಟೆಯಲ್ಲಿ ಕಲಸಿದಂತಾಯಿತು, ಎಂಜಿನ್ ಸದ್ದೂ ಅಡಗಿತು. ಎತ್ತರ ತಪ್ಪಿ ಕೆಳಗಿಳಿಸಿದ್ದೇ ಇರಬಹುದೇ?
– ಗೃಹಿಣಿ, ಮೂಡಿಗೆರೆ

ಉತ್ತರ: ಬಹುಮಟ್ಟಿಗೆ ಅಲ್ಲ ತಾಯಿ. ನೆಲ ಬಿಟ್ಟ ಮೇಲೆ ಎಂಜಿನ್ನಿನ ಬಲವನ್ನು ಟೇಕಾಫ್ ಮಟ್ಟದಿಂದ ಏರುವ ಮಟ್ಟಕ್ಕೆ ಇಳಿಸುತ್ತಾರೆ, ಮೂತಿಯನ್ನೂ ತುಸು ಬಾಗಿಸುತ್ತಾರೆ. ಏರುವ ವೇಗ ಕಡಿಮೆಯಾದದ್ದನ್ನು ಒಳಗಿವಿ ಬೀಳುವಿಕೆ ಎಂದು ತಿಳಿಯುತ್ತದೆ. ಆಗಲೂ ವಿಮಾನ ಏರುತ್ತಲೇ ಇರುತ್ತದೆ, ಇಲ್ಲವೇ ಕೊಟ್ಟ ಎತ್ತರದಲ್ಲಿ ಸಮನಾಗಿ ಹಾರುತ್ತಿರುತ್ತದೆ. ನಿಜವಾಗಿ 300, 400 ಅಡಿ ಮೀರಿ ಮೆಲ್ಲಗೆ ಹಿಂತಿರುಗಿದರೆ ಹಿಂದೆ ಕುಳಿತವರಿಗೆ ಅದು ಗೊತ್ತೂ ಆಗದಿರಬಹುದು.

ಪ್ರಶ್ನೆ: ಎತ್ತರ ಮೀರಿದ ಪೈಲಟ್‌ಗಳ ಲೈಸೆನ್ಸ್ ಅಮಾನತು ಮಾಡದೆ, ವರದಿ ಬರೆಸಿಕೊಂಡು ಬಿಟ್ಟುಬಿಡುವುದು ನ್ಯಾಯವೇ?
– ಕಾನೂನು ವಿದ್ಯಾರ್ಥಿನಿ, ಹಾಸನ

ಉತ್ತರ: ಬೇಕೆಂದೇ ಅಪ್ಪಣೆ ಮೀರಿದವರನ್ನೂ, ನಡೆದದ್ದನ್ನು ಮುಚ್ಚಿಟ್ಟವರನ್ನೂ ಬಿಡಬೇಕೆಂದು ಯಾರೂ ಹೇಳುವುದಿಲ್ಲ. ನಾನು ಹೇಳುವುದು ಉಳಿದವರ ಬಗ್ಗೆ, ಮತ್ತು ಉಳಿದವರೇ ಹೆಚ್ಚು. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ನಿನ ಡಲ್ಲಸ್ ನಿಲ್ದಾಣಕ್ಕೆ ಇಳಿಯುತ್ತಿದ್ದ ಟಿಡಬ್ಲ್ಯುಎ ಸಂಸ್ಥೆಯ ವಿಮಾನವೊಂದು ಕಂಟ್ರೋಲರ್ ಕೊಟ್ಟ ಅಪ್ಪಣೆಯನ್ನು ತಪ್ಪಾಗಿ ಅರ್ಥ ಮಾಡಿಕೊಂಡು, ಇಳಿಯಬಾರದ ಜಾಗದಲ್ಲಿ 1,800 ಅಡಿಗೆ ಇಳಿಯಹೋಗಿ ಬೆಟ್ಟಕ್ಕೆ ಬಡಿಯಿತು. 92 ಜನ ಸತ್ತರು. ತನಿಖೆಯಲ್ಲಿ ತಿಳಿದುಬಂದದ್ದೇನೆಂದರೆ, ಸುಮಾರು ಆರು ವಾರ ಮೊದಲು ಇನ್ನೊಂದು ಸಂಸ್ಥೆಯ ಸಿಬ್ಬಂದಿ ಅದೇ ಜಾಗದಲ್ಲಿ ಅದೇ ತಪ್ಪನ್ನು ಮಾಡಿ ಕೂದಲೆಳೆಯಲ್ಲಿ ಪಾರಾಗಿದ್ದರು. ಅವರು ಅದನ್ನು ತಮ್ಮ ಸಂಸ್ಥೆಗೆ ತಿಳಿಸಿದ್ದರು, ಸಂಸ್ಥೆ ತನ್ನ ಪೈಲಟ್‌ಗಳನ್ನು ಎಚ್ಚರಿಸಿತ್ತು. ಆದರೆ ಆ ಸುದ್ದಿ ಸಂಸ್ಥೆಯ ಗೋಡೆ ದಾಟಲಿಲ್ಲ. ಟಿಡಬ್ಲ್ಯುಎ ಸಿಬ್ಬಂದಿಗೆ ಅದು ಗೊತ್ತಾಗಲು ದಾರಿಯೇ ಇರಲಿಲ್ಲ.

ಆ ಪಾಠದಿಂದ 1976ರಲ್ಲಿ ಅಮೆರಿಕದಲ್ಲಿ ಗೋಪ್ಯ ವರದಿ ವ್ಯವಸ್ಥೆಯೊಂದು ಆರಂಭವಾಯಿತು. ಅದನ್ನು ನಡೆಸುವುದು ಶಿಕ್ಷೆ ಕೊಡುವ ಅಧಿಕಾರವುಳ್ಳ ವಿಮಾನಯಾನ ಇಲಾಖೆಯಲ್ಲ, ನಾಸಾ. ಬರೆದವರ ಹೆಸರು, ಗುರುತು ತೆಗೆದುಹಾಕಿ ಒಳಗಿನ ವಿಷಯವನ್ನಷ್ಟೇ ಇಟ್ಟುಕೊಳ್ಳುತ್ತಾರೆ. ಉದ್ದೇಶಪೂರ್ವಕವಲ್ಲದ ತಪ್ಪನ್ನು ಸಕಾಲದಲ್ಲಿ ತಾವಾಗಿಯೇ ಬರೆದು ಕೊಟ್ಟವರಿಗೆ ದಂಡನೆಯಿಂದ ಒಂದು ಮಟ್ಟದ ರಕ್ಷಣೆಯೂ ಇದೆ. ಅಲ್ಲಿಗೆ ಬಂದು ಬಿದ್ದ ಪತ್ರಗಳಲ್ಲಿ ಎತ್ತರ ತಪ್ಪಿದ ಪ್ರಸಂಗಗಳು ಮೊದಲಿನಿಂದಲೂ ದೊಡ್ಡ ಗುಂಪು. 10,000 ಮತ್ತು 11,000 ಗೊಂದಲ ಒಬ್ಬಿಬ್ಬರ ಅಜಾಗ್ರತೆಯಲ್ಲ, ಅಂಕಿಗಳ ಉಚ್ಚಾರಣೆಯಲ್ಲೇ ಇರುವ ತೊಡಕು ಎಂಬುದು ಸ್ಪಷ್ಟವಾದದ್ದು ಅಂಥ ಪತ್ರಗಳನ್ನು ಪಕ್ಕಪಕ್ಕ ಇಟ್ಟು ಓದಿದಾಗ. ಫ್ಲೈಟ್ ಲೆವೆಲ್ 100ನ್ನು ‘ಒನ್ ಝೀರೋ ಝೀರೋ’ ಎನ್ನದೆ ‘ಒನ್ ಹಂಡ್ರೆಡ್’ ಎಂದೇ ಹೇಳಬೇಕೆಂಬ ಇಂದಿನ ರೂಢಿ ನಿವಾರಿಸುವುದೂ ಇದೇ ಬಗೆಯ ತೊಡಕನ್ನು. ಬ್ರಿಟನ್ನಿನಂಥ ಕಡೆಗಳಲ್ಲಿ ಪೈಲಟ್ ಗುಂಡಿ ತಿರುಗಿಸಿ ಕೂರಿಸಿದ ಎತ್ತರವೇ ಈಗ ಕಂಟ್ರೋಲರ್ ಪರದೆಯ ಮೇಲೆ ಮೂಡುತ್ತದೆ. ಕಿವಿ ತಪ್ಪಿದರೂ ಕಣ್ಣು ಹಿಡಿಯಲೆಂದು.

ಲೈಸೆನ್ಸ್ ಕಿತ್ತುಕೊಳ್ಳುವ ಭಯವಿದ್ದರೆ ಈ ಪತ್ರಗಳಲ್ಲಿ ಎಷ್ಟು ಬರುತ್ತಿದ್ದವು ಎಂದು ತಾವೇ ಯೋಚಿಸಿ. ಇದೇ ಅಂಕಣದ ಮೊದಲ ಪತ್ರದ ಕೋ-ಪೈಲಟ್ ಮತ್ತು ಅವರ ಕ್ಯಾಪ್ಟನ್ ಬಾಯಿ ಮುಚ್ಚಿಕೊಂಡಿದ್ದರೆ, ಆ ಸಂಜೆ ಅವರ ಮೇಲೆ 8,000 ಅಡಿಯಲ್ಲಿ ಯಾರೂ ಇಲ್ಲದಿದ್ದರೆ, ಆ 400 ಅಡಿಯ ಲೆಕ್ಕ ಎಲ್ಲಿಯೂ ಉಳಿಯುತ್ತಿರಲಿಲ್ಲ. ಅವರು ಬರೆದು ಕೊಟ್ಟರು. ಆ ಹುಡುಗ ಮಂಕಾಗಿದ್ದನೆಂದು ಮಾವನವರು ಬರೆದಿದ್ದಾರೆ. ಮುಂದಿನ ಸಲ ಅವನು ಊರಿಗೆ ಬಂದಾಗ, ನಿಲ್ಲಬೇಕಾದ ಎತ್ತರಕ್ಕೆ 1,000 ಅಡಿ ಉಳಿದಾಗ ಅಂದು ಯಾರು ಗಟ್ಟಿಯಾಗಿ ಹೇಳಬೇಕಿತ್ತು, ಆ ಹೊತ್ತಿಗೆ ಅವರು ಏನು ಮಾಡುತ್ತಿದ್ದರು ಎಂದು ಕೇಳಿ ನೋಡಲಿ. ಅವನಿಗೆ ಅದು ನೆನಪಿರುತ್ತದೆ.